ದೊಡ್ಡ ರೆಸ್ಟೋರೆಂಟ್‌ನಲ್ಲಿ ಸರ್ವಿಸ್ ಕೆಲಸ ಸಿಕ್ಕಿದೆ, ಸೇರಲೋ ಬೇಡವೋ? ಒಳಗೆ ಕೆಲಸ ಮಾಡಿದವರು ಹೇಳಿ

ಸಕಲೇಶಪುರದವಳು

ಎಲ್ಲರಿಗೂ ನಮಸ್ಕಾರ. ಬಿಕಾಂ ಮುಗಿಸಿ ಬೆಂಗಳೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೇನೆ. ಲ್ಯಾವೆಲ್ ರಸ್ತೆ ಕಡೆಯ ಒಂದು ಫೈನ್ ಡೈನಿಂಗ್ ರೆಸ್ಟೋರೆಂಟ್‌ನವರು ಸರ್ವಿಸ್ ಟೀಮಿಗೆ ಕರೆದಿದ್ದಾರೆ. ಇಬ್ಬರು ಊಟ ಮಾಡಿ ಎದ್ದರೆ ಹತ್ತು ಸಾವಿರ ಬಿಲ್ಲಾಗುವಂಥ ಜಾಗ. ನನಗೆ ಜನರ ಜೊತೆ ಮಾತಾಡುವ ಕೆಲಸ ಇಷ್ಟ. ದಿನವಿಡೀ ಟ್ಯಾಲಿ ಎಂಟ್ರಿ ಮಾಡಿಕೊಂಡು ಕೂರುವುದು ನನ್ನಿಂದ ಆಗುವುದಿಲ್ಲ.

ಮನೆಯಲ್ಲಿ ಗಲಾಟೆ ನಡೆದಿದೆ. ಅಪ್ಪ "ಡಿಗ್ರಿ ಓದಿಸಿದ್ದು ಸಪ್ಲೈಯರ್ ಆಗೋಕಾ?" ಅಂದರು. ಅಮ್ಮನಿಗೆ ಎರಡು ಚಿಂತೆ. ಅಲ್ಲಿ ಡ್ರಿಂಕ್ಸ್ ಕೊಡಬೇಕಲ್ಲ ಅನ್ನುವುದು ಒಂದು, ಮಧ್ಯರಾತ್ರಿ ಮನೆಗೆ ಹೇಗೆ ಬರುತ್ತೀಯ ಅನ್ನುವುದು ಇನ್ನೊಂದು. ಸಂಬಳ ಶುರುವಿಗೆ ದೊಡ್ಡದೇನಲ್ಲ. ಟಿಪ್ಸ್ ಚೆನ್ನಾಗಿ ಬರುತ್ತದೆ ಅಂದಿದ್ದಾರೆ. ಅದು ಯಾರ ಕೈಗೆ ಬರುತ್ತದೆ, ಹೇಗೆ ಹಂಚುತ್ತಾರೆ ಅಂತ ಕೇಳಲು ಅವತ್ತು ಧೈರ್ಯ ಆಗಲಿಲ್ಲ.

ಈ ಕೆಲಸ ಮಾಡಿದ ಅಕ್ಕಂದಿರು ಯಾರಾದರೂ ಇದ್ದರೆ ನಿಜ ಹೇಳಿ. ಒಳ್ಳೆಯದನ್ನೂ ಹೇಳಿ, ಕೆಟ್ಟದ್ದನ್ನೂ ಹೇಳಿ.

ಜಯನಗರ_4ನೇ_ಬ್ಲಾಕ್

ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬಿಕಾಂ ಆದವರಿಗೆ ಬ್ಯಾಂಕ್ ಪರೀಕ್ಷೆ ಇದೆ, ಆಡಿಟರ್ ಆಫೀಸುಗಳಿವೆ. ವಯಸ್ಸಾದ ಮೇಲೆ ತಟ್ಟೆ ಹಿಡಿದು ಓಡಾಡಲು ಆಗುತ್ತದಾ? ಹಬ್ಬದ ದಿನ ರಜೆ ಇಲ್ಲ, ಭಾನುವಾರ ರಜೆ ಇಲ್ಲ. ನಿಮ್ಮ ಅಪ್ಪ ಹೇಳಿದ್ದರಲ್ಲಿ ತಪ್ಪಿಲ್ಲ.

ಕ್ಯಾಪ್ಟನ್_ಕಡೂರು

ತಂಗಿ, ನಾನು ಈಗಲೂ ಇದೇ ಕೆಲಸದಲ್ಲಿರುವವಳು. ಟ್ರೇನಿಯಾಗಿ ಸೇರಿ, ಸ್ಟೀವರ್ಡ್ (ಟೇಬಲ್ಲಿಗೆ ಬಡಿಸುವವಳು) ಆಗಿ, ಈಗ ಅವರ ಮೇಲಿನ ಕ್ಯಾಪ್ಟನ್ ಆಗಿದ್ದೇನೆ. ಮೇಲೆ ಬರೆದವರಿಗೆ ಆಮೇಲೆ ಉತ್ತರ ಕೊಡುತ್ತೇನೆ. ಮೊದಲು ಕೆಲಸ ಅಂದರೆ ಏನು ಅಂತ ಕೇಳು. ತಟ್ಟೆ ಹಿಡಿದು ಓಡಾಡುವುದು ಅದರಲ್ಲಿ ಸಣ್ಣ ಪಾಲು.

ಗೆಸ್ಟ್ ಬರುವುದು ಏಳೂವರೆ, ಎಂಟಕ್ಕೆ. ನಾವು ಬರುವುದು ಮಧ್ಯಾಹ್ನ. ಮಿಸಾಂಪ್ಲಾಸ್ ಅನ್ನುತ್ತಾರೆ, ಅಂದರೆ ಎಲ್ಲ ಹೊಂದಿಸಿಟ್ಟುಕೊಳ್ಳುವುದು. ಫೋರ್ಕು, ನೈಫು, ಸ್ಪೂನುಗಳನ್ನು ವಿನೆಗರ್ ಹಾಕಿದ ಬಿಸಿ ನೀರಿನಲ್ಲಿ ಅದ್ದಿ, ನೂಲು ಬಿಡದ ಬಟ್ಟೆಯಲ್ಲಿ ಒರೆಸಬೇಕು. ವೈನ್ ಗ್ಲಾಸನ್ನು ಬಿಸಿ ನೀರಿನ ಆವಿಗೆ ಹಿಡಿದು ಒರೆಸಿ, ದೀಪದ ಕಡೆ ಎತ್ತಿ ಕಲೆ ನೋಡಬೇಕು. ಒಂದು ಕೈಯಲ್ಲಿ ಗ್ಲಾಸಿನ ಬುಡ, ಇನ್ನೊಂದು ಕೈಯಲ್ಲಿ ಮೇಲಿನ ಬಟ್ಟಲು ಹಿಡಿದು ತಿರುಗಿಸಿದರೆ ನಡುವಿನ ಕಡ್ಡಿ ಪಟ್ ಅಂತ ಮುರಿದು ಅಂಗೈ ಕುಯ್ಯುತ್ತದೆ. ಹೊಸಬರ ಕೈಗೆ ಬ್ಯಾಂಡೇಜು ಬೀಳುವುದು ಜಾಸ್ತಿ ಇಲ್ಲೇ. ಬಟ್ಟಲು ಒರೆಸುವಾಗ ಬಟ್ಟಲನ್ನೇ ಹಿಡಿ, ಬುಡ ಒರೆಸುವಾಗ ಬುಡವನ್ನೇ ಹಿಡಿ.

ಆಮೇಲೆ ಬ್ರೀಫಿಂಗ್. ಎಲ್ಲರೂ ಸಾಲಾಗಿ ನಿಲ್ಲುತ್ತೇವೆ. ಉಗುರು, ಕೂದಲು, ಶೂ ನೋಡುತ್ತಾರೆ. ಇವತ್ತು ಎಷ್ಟು ಕವರ್ (ಊಟಕ್ಕೆ ಬರುವ ಜನ), ಯಾವ ಮೀನು ಬಂದಿಲ್ಲ, ಯಾವ ಟೇಬಲ್‌ನಲ್ಲಿ ಹುಟ್ಟುಹಬ್ಬ, ಯಾರಿಗೆ ಶೇಂಗಾ ಅಲರ್ಜಿ, ಯಾರದು ಜೈನ್ ಊಟ. ಇದಷ್ಟೂ ತಲೆಯಲ್ಲಿರಬೇಕು. ಷೆಫ್ ಬಂದು ಹೊಸ ಡಿಶ್ ರುಚಿ ತೋರಿಸುತ್ತಾರೆ. ತಿಂದು ನೋಡದೆ ಗೆಸ್ಟ್‌ಗೆ ಹೇಳುವುದಾದರೂ ಹೇಗೆ?

ಆರ್ಡರ್ ತೆಗೆದುಕೊಳ್ಳುವುದಕ್ಕೂ ಕ್ರಮ ಇದೆ. ಪ್ರತಿ ಟೇಬಲ್‌ನಲ್ಲಿ ಒಂದು ಕುರ್ಚಿ ಸೀಟ್ ನಂಬರ್ 1. ಅಲ್ಲಿಂದ ಗಡಿಯಾರ ಸುತ್ತುವ ಕಡೆಗೆ 2, 3, 4. ಕೆಒಟಿ, ಅಂದರೆ ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿಯಲ್ಲಿ ಸೀಟ್ ನಂಬರ್ ಸಮೇತ ಹೊಡೆಯುತ್ತೇವೆ. ಹಾಗಾಗಿ ತಟ್ಟೆ ತಂದವರು ಬೇರೆಯವರಾದರೂ "ಮೀನು ಯಾರಿಗೆ?" ಅಂತ ಕೇಳುವ ಪ್ರಸಂಗ ಬರಬಾರದು. ಟೇಬಲ್ ಪಕ್ಕ ನಿಂತು ಹಾಗೆ ಕೇಳಿದರೆ ನಮ್ಮ ಮ್ಯಾನೇಜರ್ ಮುಖ ಕೆಂಪಾಗುತ್ತದೆ.

ಇಷ್ಟೂ ಮಾಡಿದ ಮೇಲೆ ನಿಜವಾದ ಕೆಲಸ ಕಣ್ಣಿನದು. ಸ್ಟಾರ್ಟರ್ ಅರ್ಧ ಮುಗಿಯಿತಾ? ಮೇನ್ ಕೋರ್ಸ್ ಫೈರ್ ಮಾಡಲು, ಅಂದರೆ ಬೇಯಿಸಲು ಶುರು ಮಾಡಲು, ಕಿಚನ್‌ಗೆ ಹೇಳಬೇಕು. ಆ ಟೇಬಲ್‌ನವರು ಗಾಢವಾಗಿ ಮಾತಾಡುತ್ತಿದ್ದಾರಾ? ಈಗ ಹೋಗಿ "ಎಲ್ಲಾ ಚೆನ್ನಾಗಿದೆಯಾ?" ಅನ್ನಬಾರದು. ಆ ಅಜ್ಜಿಗೆ ಚಳಿಯಾಗುತ್ತಿದೆಯಾ? ಏಸಿ ಕೆಳಗಿನಿಂದ ಜಾಗ ಬದಲಿಸಬೇಕು. ಅವರು ಬಾಯಿ ಬಿಟ್ಟು ಕೇಳುವ ಮೊದಲೇ ನಮಗೆ ಗೊತ್ತಾಗಬೇಕು. ಈ ಕಣ್ಣು ಬರುವುದಕ್ಕೆ ಟೈಮ್ ಬೇಕು. ಬಂದ ಮೇಲೆ ಎಲ್ಲಿ ಹೋದರೂ ನಿನ್ನ ಜೊತೆ ಇರುತ್ತದೆ.

ಜಯನಗರದವರೇ, ನೀವು ಹೇಳಿದ ಹಬ್ಬದ ರಜೆಯ ವಿಷಯ ನಿಜ. ಯುಗಾದಿಗೆ, ದೀಪಾವಳಿಗೆ ನಾವು ಮನೆಯಲ್ಲಿರುವುದಿಲ್ಲ. ಆದರೆ ವಯಸ್ಸಾದ ಮೇಲೂ ಯಾರೂ ಸ್ಟೀವರ್ಡ್ ಆಗಿಯೇ ಇರುವುದಿಲ್ಲ. ಸ್ಟೀವರ್ಡ್, ಸೀನಿಯರ್ ಸ್ಟೀವರ್ಡ್, ಕ್ಯಾಪ್ಟನ್, ಅಸಿಸ್ಟೆಂಟ್ ಮ್ಯಾನೇಜರ್, ಮ್ಯಾನೇಜರ್ ಅಂತ ಮೆಟ್ಟಿಲುಗಳಿವೆ. ಬಿಕಾಂ ಆದವಳಿಗೆ ಫುಡ್ ಕಾಸ್ಟ್, ಬೆವರೇಜ್ ಕಾಸ್ಟ್, ಸ್ಟಾಕ್ ಲೆಕ್ಕ ಸಲೀಸು. ಹೋಟೆಲ್ ಡಿಪ್ಲೊಮಾ ಮಾಡಿ ಬಂದವರೂ ಆ ಲೆಕ್ಕದಲ್ಲಿ ಒದ್ದಾಡುವುದನ್ನು ನೋಡಿದ್ದೇನೆ.

ಸಕಲೇಶಪುರದವಳು

ಅಕ್ಕ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ವೈನ್ ಬಗ್ಗೆ ನನಗೆ ಒಂದಕ್ಷರ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಯಾರೂ ಕುಡಿಯುವವರಲ್ಲ. ಅದು ತೊಂದರೆ ಆಗುತ್ತದಾ?

ಕ್ಯಾಪ್ಟನ್_ಕಡೂರು

ಖಂಡಿತ ಆಗುವುದಿಲ್ಲ. ನಾನೂ ಕುಡಿಯುವುದಿಲ್ಲ. ಟ್ರೇನಿಂಗ್‌ನಲ್ಲಿ ರುಚಿ ನೋಡಿ ಉಗಿಯುವುದಕ್ಕೆ ಪಾತ್ರೆ ಇಟ್ಟಿರುತ್ತಾರೆ, ಅದು ಎಲ್ಲ ಕಡೆ ಇರುವ ಪದ್ಧತಿ. ಮೂಸಿ ನೋಡಿಯೂ ಸಾಕಷ್ಟು ಕಲಿಯಬಹುದು.

ಬಾಟಲಿ ತೆರೆಯುವುದು ಹೀಗೆ. ಆರ್ಡರ್ ಮಾಡಿದವರ ಬಲಗಡೆ ನಿಂತು ಲೇಬಲ್ ಅವರ ಕಡೆ ತಿರುಗಿಸಿ ಹೆಸರು, ವರ್ಷ ಓದಿ ಹೇಳಬೇಕು. ಅವರು ಹೂಂ ಅಂದ ಮೇಲೆ ಬಾಯಿಯ ಉಬ್ಬಿನ ಕೆಳಗೆ ಫಾಯಿಲ್ ಕತ್ತರಿಸು. ಸ್ಕ್ರೂವನ್ನು ಕಾರ್ಕಿನ ನಡುಮಧ್ಯಕ್ಕೆ ಇಳಿಸು, ಆದರೆ ಕೆಳಗೆ ತೂತಾಗುವಷ್ಟು ಅಲ್ಲ. ತೂತಾದರೆ ಕಾರ್ಕಿನ ಪುಡಿ ವೈನ್‌ಗೆ ಬೀಳುತ್ತದೆ. ಶಬ್ದ ಬಾರದ ಹಾಗೆ ಎಳೆ. ಬಾಟಲಿಯ ಬಾಯಿ ಒರೆಸು. ಮೊದಲು ಆರ್ಡರ್ ಮಾಡಿದವರಿಗೆ ಒಂದು ಗುಟುಕು. ಅವರು ಸರಿ ಅಂದರೆ ಮೊದಲು ಹೆಂಗಸರಿಗೆ, ಆಮೇಲೆ ಗಂಡಸರಿಗೆ, ಕೊನೆಗೆ ಆರ್ಡರ್ ಮಾಡಿದವರಿಗೆ. 750 ಎಂಎಲ್ ಬಾಟಲಿಯಲ್ಲಿ 150 ಎಂಎಲ್‌ನಂತೆ ಐದು ಗ್ಲಾಸು. ಆರು ಜನ ಕೂತಿದ್ದರೆ ಮೊದಲೇ ಲೆಕ್ಕ ಹಾಕಿ ಸುರಿಯಬೇಕು, ಆರನೆಯವರಿಗೆ ತಳ ಕಾಣಬಾರದು. ಪ್ರತಿ ಸಲ ಸುರಿದು ಎತ್ತುವಾಗ ಮಣಿಕಟ್ಟು ಸ್ವಲ್ಪ ತಿರುಗಿಸಿದರೆ ಹನಿ ಬಿಳಿ ಬಟ್ಟೆಯ ಮೇಲೆ ಬೀಳುವುದಿಲ್ಲ.

ಸ್ಪಾರ್ಕ್ಲಿಂಗ್, ಅಂದರೆ ಗುಳ್ಳೆ ಬರುವ ವೈನ್ ಆದರೆ ಕಾರ್ಕನ್ನು ಗಟ್ಟಿಯಾಗಿ ಹಿಡಿದು ಬಾಟಲಿಯನ್ನು ತಿರುಗಿಸಬೇಕು. ಒಳಗಿನ ಒತ್ತಡ ಜೋರು. ಬಾಯಿಯನ್ನು ಯಾರ ಮುಖದ ಕಡೆಗೂ ಹಿಡಿಯಬಾರದು.

ನಮ್ಮ ನಂದಿ ಬೆಟ್ಟದ ತಪ್ಪಲಿನಲ್ಲಿ, ದೊಡ್ಡಬಳ್ಳಾಪುರದ ಹತ್ತಿರ ವೈನ್ ಮಾಡುವ ಗ್ರೋವರ್‌ನವರ ದ್ರಾಕ್ಷಿ ತೋಟ 1988ರಿಂದ ಇದೆ. ಹೊರದೇಶದ ಗೆಸ್ಟ್‌ಗಳು "ಇಲ್ಲಿಯದು ಏನಿದೆ?" ಅಂತ ಕೇಳಿಯೇ ಕೇಳುತ್ತಾರೆ. ಮೊದಲು ಊರಿನದನ್ನು ಓದಿಕೊ, ಆಮೇಲೆ ಫ್ರಾನ್ಸಿಗೆ ಹೋಗುವೆಯಂತೆ.

ಎಲ್‌ಎಲ್‌ಬಿ_ಧಾರವಾಡ

ಅಮ್ಮನ ಎರಡು ಚಿಂತೆಗೂ ಕಾನೂನಿನಲ್ಲಿ ಉತ್ತರ ಇದೆ, ಅದಕ್ಕೆ ಬರೆಯುತ್ತಿದ್ದೇನೆ.

ಡ್ರಿಂಕ್ಸ್ ಇರುವ ಕಡೆ ಹೆಣ್ಣುಮಕ್ಕಳು ಕೆಲಸ ಮಾಡಬಾರದು ಅನ್ನುವ ನಿಯಮ 1914ರ ಪಂಜಾಬ್ ಅಬಕಾರಿ ಕಾಯ್ದೆಯ 30ನೇ ಕಲಂನಲ್ಲಿತ್ತು. ದೆಹಲಿಯಲ್ಲೂ ಅದೇ ನಡೆಯುತ್ತಿತ್ತು. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಹುಡುಗಿಯರಿಗೆ ಬಾರ್ ಇರುವ ರೆಸ್ಟೋರೆಂಟ್ ಬಾಗಿಲು ಮುಚ್ಚಿತ್ತು. 2007ರ ಅನುಜ್ ಗಾರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ನಿಯಮ ನಿಲ್ಲುವುದಿಲ್ಲ ಎಂದಿತು. ಹೆಣ್ಣುಮಕ್ಕಳಿಗೆ ಅಪಾಯ ಇದೆ ಅಂತ ಅವರನ್ನೇ ಕೆಲಸದಿಂದ ಹೊರಗಿಡಬೇಡಿ, ಕೆಲಸದ ಜಾಗವನ್ನು ಸುರಕ್ಷಿತ ಮಾಡಿ ಅನ್ನುವುದು ಆ ತೀರ್ಪಿನ ತಿರುಳು. ಓದುವಾಗ ನನಗೆ ನಿಜಕ್ಕೂ ಖುಷಿಯಾಗಿತ್ತು.

ರಾತ್ರಿ ಪಾಳಿಗೆ ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ನೋಡಿ. ರೆಸ್ಟೋರೆಂಟ್‌ಗಳೂ ಅದರಡಿ ಬರುತ್ತವೆ. ಮೊದಲು ಹೆಣ್ಣುಮಕ್ಕಳ ರಾತ್ರಿ ಕೆಲಸಕ್ಕೆ ತಡೆ ಇತ್ತು. 2020ರ ತಿದ್ದುಪಡಿ ಷರತ್ತು ಹಾಕಿ ಅವಕಾಶ ಕೊಟ್ಟಿತು. ನೀವು ಬರವಣಿಗೆಯಲ್ಲಿ ಒಪ್ಪಿಗೆ ಕೊಡಬೇಕು. ಮನೆಗೆ ಹೋಗಿ ಬರಲು ವಾಹನ ಅವರೇ ಕೊಡಬೇಕು. ಅದು ಅವರು ತೋರಿಸುವ ದಯೆ ಅಲ್ಲ, ಕೇಳಿ ಪಡೆಯಿರಿ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮೀರಿದರೆ ಓವರ್‌ಟೈಮ್‌ಗೆ ದುಪ್ಪಟ್ಟು ಕೂಲಿ ಅಂತಲೂ ಅದೇ ಕಾಯ್ದೆಯಲ್ಲಿದೆ.

ಕುಡ್ಲದ_ಕಾಣೆ

ನಾನು ಈಗ ಈ ಕೆಲಸದಲ್ಲಿಲ್ಲ. ಮಗು ಆದ ಮೇಲೆ ಬಿಟ್ಟೆ. ಆದರೂ ಒಂದು ವಿಷಯ ಬರೆಯಲೇಬೇಕು. ಇದನ್ನು ಇಂಟರ್‌ವ್ಯೂನಲ್ಲಿ ಯಾರೂ ಹೇಳುವುದಿಲ್ಲ.

ನಾನು ಎರಡು ಕಡೆ ಕೆಲಸ ಮಾಡಿದ್ದೇನೆ, ಹೆಸರು ಬೇಡ. ಮೊದಲನೆಯ ಕಡೆ ಒಬ್ಬ ಗೆಸ್ಟ್ ಬಿಲ್ ಫೋಲ್ಡರ್ ಕೊಡುವಾಗ ನನ್ನ ಮಣಿಕಟ್ಟು ಹಿಡಿದುಕೊಂಡ. ಬಿಡಲಿಲ್ಲ. ನಗುತ್ತಾ ನಂಬರ್ ಕೇಳಿದ. ಟೇಬಲ್‌ನಲ್ಲಿದ್ದ ಉಳಿದವರೂ ನಕ್ಕರು. ನಾನು ಕೈ ಬಿಡಿಸಿಕೊಂಡು ಮ್ಯಾನೇಜರ್ ಹತ್ತಿರ ಹೋದೆ. "ದೊಡ್ಡ ಗೆಸ್ಟ್ ಮಾ, ಸ್ವಲ್ಪ ಅಡ್ಜಸ್ಟ್ ಮಾಡಿಕೊ" ಅಂದರು. ಮತ್ತೆ ಅದೇ ಟೇಬಲ್‌ಗೆ ಸ್ವೀಟ್ ಕೊಡಲು ನನ್ನನ್ನೇ ಕಳಿಸಿದರು. ಆ ತಿಂಗಳೇ ಬಿಟ್ಟೆ.

ಎರಡನೆಯ ಕಡೆ ಹೆಚ್ಚುಕಡಿಮೆ ಅಂಥದ್ದೇ ಆಯಿತು. ಅಲ್ಲಿಯ ಮ್ಯಾನೇಜರ್ ಹೆಂಗಸು. ನಾನು ಬಾಯಿ ಬಿಡುವ ಮೊದಲೇ ನನ್ನ ಮುಖ ನೋಡಿ ಟ್ರೇ ತೆಗೆದುಕೊಂಡರು. ಟೇಬಲ್ ಬದಲಿಸಿದರು. ಆ ಗೆಸ್ಟ್ ಹತ್ತಿರ ಹೋಗಿ, ದನಿ ಏರಿಸದೆ, "ಸರ್, ನಮ್ಮ ಸ್ಟಾಫ್ ಮೈ ಮುಟ್ಟುವಂತಿಲ್ಲ. ಬಿಲ್ ತಂದಿದ್ದೇನೆ" ಅಂದರು. ಅಷ್ಟೇ. ಅವನು ದುಡ್ಡು ಕೊಟ್ಟು ಎದ್ದು ಹೋದ. ಮಾರನೆಯ ದಿನ ಬ್ರೀಫಿಂಗ್‌ನಲ್ಲಿ ಎಲ್ಲರ ಮುಂದೆ ವಿಷಯ ಹೇಳಿ, ರಿಜಿಸ್ಟರಿನಲ್ಲಿ ಬರೆಸಿದರು.

ಎರಡೂ ಜಾಗದಲ್ಲಿ ಅದೇ ಬಿಳಿ ಟೇಬಲ್ ಬಟ್ಟೆ, ಅದೇ ಬೆಲೆಯ ಮೆನು. ಅದಕ್ಕೆ ಹೇಳುವುದು, ಸೇರುವ ಮೊದಲು ಅಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವ ಒಬ್ಬ ಹುಡುಗಿಯ ಹತ್ತಿರ ಮಾತಾಡು ತಂಗಿ. "ಗೆಸ್ಟ್ ತೊಂದರೆ ಕೊಟ್ಟರೆ ಮ್ಯಾನೇಜರ್ ಏನು ಮಾಡುತ್ತಾರೆ?" ಅಂತ ಒಂದೇ ಪ್ರಶ್ನೆ ಕೇಳು. ಉತ್ತರ ಹೇಳುವ ಮುಂಚೆ ಅವಳು ಎಷ್ಟು ಹೊತ್ತು ಸುಮ್ಮನಿರುತ್ತಾಳೆ ನೋಡು.

ಎಲ್‌ಎಲ್‌ಬಿ_ಧಾರವಾಡ

ಅಕ್ಕ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಬರೀ ಬಾಸ್, ಸಹೋದ್ಯೋಗಿಗಳಿಗೆ ಅಲ್ಲ. ಕೆಲಸದ ಜಾಗದಲ್ಲಿ ಎದುರಾಗುವ ಹೊರಗಿನವರಿಂದಲೂ ರಕ್ಷಣೆ ಕೊಡುವುದು ಮಾಲೀಕರ ಹೊಣೆ ಅಂತ 19ನೇ ಕಲಂ ಹೇಳುತ್ತದೆ. ಗೆಸ್ಟ್ ಕೂಡ ಅದರಲ್ಲಿ ಬಂದ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಅದರ ಮುಖ್ಯಸ್ಥೆ ಹೆಣ್ಣೇ ಆಗಿರಬೇಕು. ದೂರು ಬರವಣಿಗೆಯಲ್ಲಿ, ಮೂರು ತಿಂಗಳೊಳಗೆ. ಸಮಿತಿಯವರ ಹೆಸರನ್ನು ಎಲ್ಲರಿಗೂ ಕಾಣುವಂತೆ ಹಾಕಿರಬೇಕು. ಸೇರಿದ ದಿನ ಸ್ಟಾಫ್ ರೂಮಿನ ಗೋಡೆ ನೋಡಿ. ಆ ಹಾಳೆ ಇಲ್ಲದಿದ್ದರೆ ಎಚ್‌ಆರ್‌ನವರನ್ನು ಕೇಳಿ.

ಬಸವನಗುಡಿ_ಭೋಜನಪ್ರಿಯ

ನಾನು ಗಿರಾಕಿ ಕಡೆಯವನು. ಮನೆಯವರ ಜೊತೆ ಇಂಥ ಕಡೆ ವರ್ಷಕ್ಕೆ ಒಂದೆರಡು ಸಲ ಹೋಗುತ್ತೇವೆ. ಬಿಲ್ಲಿನಲ್ಲಿ 10 ಪರ್ಸೆಂಟ್ ಸರ್ವಿಸ್ ಚಾರ್ಜ್ ಹಾಕಿರುತ್ತಾರೆ. ಅದು ನಿಮಗೆ ಸೇರುತ್ತದಾ? ಸೇರುವುದಿಲ್ಲ ಅಂದರೆ ನಾನು ಕೈಯಲ್ಲೇ ಕೊಡುತ್ತೇನೆ. ಎರಡೂ ಕೊಡುವುದು ನನಗೆ ಭಾರ.

ಕ್ಯಾಪ್ಟನ್_ಕಡೂರು

ಸರ್, ಕೇಳಿದ್ದು ಒಳ್ಳೆಯದಾಯಿತು. ಇದು ಒಂದೊಂದು ಕಡೆ ಒಂದೊಂದು ಥರ. ಕೆಲವು ಕಡೆ ಪೂರ್ತಿ ಸ್ಟಾಫ್‌ಗೆ ಹಂಚುತ್ತಾರೆ, ಪಾತ್ರೆ ತೊಳೆಯುವವರಿಗೂ ಪಾಲು ಇರುತ್ತದೆ. ಕೆಲವು ಕಡೆ ಒಡೆದ ಗ್ಲಾಸು, ತಟ್ಟೆಗೆ ಅಂತ ಒಂದು ಪಾಲು ಹಿಡಿದುಕೊಳ್ಳುತ್ತಾರೆ. ಇನ್ನು ಕೆಲವು ಕಡೆ ಆ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ನಿಯಮ ಹೀಗಿದೆ. 2022ರ ಜುಲೈ 4ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿತು. ಸರ್ವಿಸ್ ಚಾರ್ಜನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು, ಬೇರೆ ಹೆಸರಿನಲ್ಲೂ ವಸೂಲಿ ಮಾಡಬಾರದು ಅಂತ. ರೆಸ್ಟೋರೆಂಟ್ ಸಂಘಗಳು ಕೋರ್ಟಿಗೆ ಹೋಗಿ ತಡೆ ತಂದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಮಾರ್ಗಸೂಚಿ ಸರಿ ಎಂದು ಹೇಳಿ ಸಂಘಗಳ ಅರ್ಜಿ ವಜಾ ಮಾಡಿತು. ಕೊಡುವುದು ಬಿಡುವುದು ನಿಮ್ಮ ಇಷ್ಟ ಅನ್ನುವುದು ಅದರ ಸಾರ. ತೆಗೆಯಿರಿ ಅಂದರೂ ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ನನ್ನ ಮನವಿ ಇಷ್ಟೇ. ತೆಗೆಸುವಾಗ ಟೇಬಲ್ ಹತ್ತಿರ ನಿಂತ ಹುಡುಗಿಯ ಮೇಲೆ ರೇಗಬೇಡಿ. ಬಿಲ್ಲಿನಲ್ಲಿ ಅದನ್ನು ಹಾಕಿದ್ದು ಅವಳಲ್ಲ. ಮ್ಯಾನೇಜರ್‌ನನ್ನು ಕರೆಸಿ ಮಾತಾಡಿ. ಕೈಯಲ್ಲಿ ಕೊಟ್ಟರೆ ಅದು ಬಹುತೇಕ ಕಡೆ ಟಿಪ್ಸ್ ಪೆಟ್ಟಿಗೆಗೆ ಬಿದ್ದು ಎಲ್ಲರಿಗೂ ಹಂಚಿಕೆಯಾಗುತ್ತದೆ.

ತಂಗಿ, ನೀನು ಕೇಳಬೇಕಾದ್ದು ಇದನ್ನೇ. ಪಾಯಿಂಟ್ ಲೆಕ್ಕ ಹೇಗೆ? ಉದಾಹರಣೆಗೆ ಕ್ಯಾಪ್ಟನ್‌ಗೆ ಮೂರು, ಸ್ಟೀವರ್ಡ್‌ಗೆ ಎರಡು, ಕಿಚನ್ನಿಂದ ತಟ್ಟೆ ತರುವ ರನ್ನರ್‌ಗೆ ಒಂದು ಅಂತ ಇಟ್ಟುಕೊಂಡು ತಿಂಗಳ ಮೊತ್ತವನ್ನು ಭಾಗಿಸುತ್ತಾರೆ. ಟ್ರೇನಿಗಳಿಗೆ ಪಾಲು ಯಾವಾಗಿನಿಂದ? ಕಾರ್ಡಿನಲ್ಲಿ ಬಂದ ಟಿಪ್ಸ್ ಯಾವ ತಾರೀಕಿಗೆ ಕೈಗೆ ಬರುತ್ತದೆ? ಲೆಕ್ಕದ ಹಾಳೆ ನೋಡಲು ಸಿಗುತ್ತದಾ?

ಎಲ್‌ಎಲ್‌ಬಿ_ಧಾರವಾಡ

ಒಂದು ಮುಖ್ಯ ವಿಷಯ. ಕಾರ್ಡಿನ ಮೂಲಕ ಬಂದ ಟಿಪ್ಸನ್ನು ಹೋಟೆಲ್‌ನವರು ನೌಕರರಿಗೆ ಹಂಚಿದರೆ ಅದು ಹೋಟೆಲ್ ಕೊಟ್ಟ ಸಂಬಳ ಆಗುವುದಿಲ್ಲ ಎಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ಟಿಡಿಎಸ್ (ಸಂಬಳದಲ್ಲೇ ತೆರಿಗೆ ಹಿಡಿಯುವುದು) ಕೇಸು. ಆದರೆ ನಮಗೆ ಬೇಕಾದ ಮಾತು ಅದರಲ್ಲಿದೆ: ಟಿಪ್ಸ್ ಗಿರಾಕಿ ಕೊಟ್ಟದ್ದು, ಮಾಲೀಕ ಕೊಟ್ಟದ್ದಲ್ಲ. ಹಾಗಾಗಿ "ಟಿಪ್ಸ್ ಸೇರಿ ತಿಂಗಳಿಗೆ ಇಷ್ಟು" ಅಂತ ಆಫರ್ ಹೇಳಿದರೆ ಟಿಪ್ಸ್ ಬಿಟ್ಟು ಎಷ್ಟು ಅಂತ ಕೇಳಿ. ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ದರೆ ನೌಕರರ ಆರೋಗ್ಯ ವಿಮೆ ಇಎಸ್‌ಐ ಬರುತ್ತದೆ. ನಿಮ್ಮ ಪಾಲು 0.75 ಪರ್ಸೆಂಟ್, ಅವರದು 3.25. ಕೈ ಸುಟ್ಟರೆ, ಕಾಲು ಜಾರಿದರೆ ಅದೇ ಆಸರೆ.

ತವಾ_ಹಿಂದಿನವನು

ನಾನು ಕಿಚನ್‌ನವನು, ಊರು ಕುಂದಾಪುರ. ಕಿಚನ್ ಮತ್ತು ಸರ್ವಿಸ್ ಜಗಳ ಎಲ್ಲ ಕಡೆ ಇದ್ದದ್ದೇ. ರಾತ್ರಿ ಒಂಬತ್ತಕ್ಕೆ ಪಾಸ್ (ಕಿಚನ್ನಿನಿಂದ ತಟ್ಟೆ ಹೊರಗೆ ಕೊಡುವ ಕಟ್ಟೆ) ಹತ್ತಿರ ಬಂದರೆ ನಾವು ಒರಟಾಗಿ ಮಾತಾಡುತ್ತೇವೆ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆದರೆ ಬೈಗುಳದಲ್ಲಿ ಕೆಟ್ಟ ಮಾತು ಬಂದರೆ ಅದನ್ನು ಸಹಿಸಿಕೊಳ್ಳಬೇಡಿ, ಷೆಫ್‌ಗೆ ಹೇಳಿ.

ಹೊಸಬರಿಂದ ನಾವು ಬಯಸುವುದು ಎರಡೇ. ಅಲರ್ಜಿಯನ್ನು ಕೆಒಟಿಯಲ್ಲಿ ಬರೆದರೆ ಸಾಲದು, ಬಾಯಲ್ಲೂ ಬಂದು ಹೇಳಿ. ನಾವು ಕಡಾಯಿ, ಎಣ್ಣೆ, ಹಲಗೆ ಬದಲಿಸಬೇಕು. ಇನ್ನೊಂದು, ಗೊತ್ತಿಲ್ಲದ್ದನ್ನು ಗೆಸ್ಟ್‌ಗೆ ಊಹೆಯಲ್ಲಿ ಹೇಳಬೇಡಿ. "ಕಿಚನ್‌ನಲ್ಲಿ ಕೇಳಿ ಬರುತ್ತೇನೆ" ಅಂದರೆ ಯಾರೂ ಕೀಳಾಗಿ ನೋಡುವುದಿಲ್ಲ. ಗೋಡಂಬಿ ಇಲ್ಲ ಅಂದುಕೊಂಡು ಗ್ರೇವಿ ಕೊಟ್ಟರೆ ಒಬ್ಬರ ಜೀವಕ್ಕೇ ಕುತ್ತು.

ನಮ್ಮ ಕಡೆಯ ಹುಡುಗಿಯರಿಗೆ ಒಂದು ಅನುಕೂಲ ಇದೆ. ರೆಸಿಡೆನ್ಸಿ ರಸ್ತೆಯ 'ಕರಾವಳಿ' ರೆಸ್ಟೋರೆಂಟ್ 1990ರಲ್ಲಿ ಶುರುವಾದಾಗ ಸ್ಟಾರ್ ಹೋಟೆಲ್‌ನಲ್ಲಿ ಮಂಗಳೂರು ಕಡೆಯ ಊಟ ಅನ್ನುವುದೇ ಹೊಸದು. ಇವತ್ತು ಕೊಡಗಿನ ಪಂದಿ ಕರಿ, ಕಾಣೆ ಫ್ರೈ, ನೀರುದೋಸೆ ದೊಡ್ಡ ದೊಡ್ಡ ಮೆನುಗಳಲ್ಲಿವೆ. ಕಾಚಂಪುಳಿ ಅಂದರೇನು, ಅದರ ಹುಳಿ ಯಾಕೆ ಅಷ್ಟು ಕಪ್ಪು ಅಂತ ಗೆಸ್ಟ್ ಕೇಳಿದಾಗ ಸಕಲೇಶಪುರದವರು ಮನೆಯ ಮಾತಿನಂತೆ ಹೇಳಬಲ್ಲಿರಿ. ಕೊಡಗು ನಿಮಗೆ ಪಕ್ಕದ ಮನೆಯೇ ಅಲ್ವಾ?

ಲಂಡನ್_ಕನ್ನಡತಿ

ನಾನು ಇಲ್ಲಿ ಮಾಸ್ಟರ್ಸ್ ಓದುತ್ತಾ ಒಂದು ಇಟಾಲಿಯನ್ ರೆಸ್ಟೋರೆಂಟ್‌ನಲ್ಲಿ ಕೆಲಸ ಮಾಡುತ್ತೇನೆ. ಸ್ಟೂಡೆಂಟ್ ವೀಸಾದಲ್ಲಿ ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆ ಮಿತಿ. ಇಲ್ಲಿ ನನ್ನ ಕ್ಲಾಸಿನ ಇಂಗ್ಲಿಷ್ ಹುಡುಗಿಯರೂ ಇದೇ ಕೆಲಸ ಮಾಡುತ್ತಾರೆ. ಯಾರೂ ಅವರ ಅಪ್ಪನ ಮಾನ ಹೋಯಿತು ಅನ್ನುವುದಿಲ್ಲ.

ಟಿಪ್ಸ್ ವಿಷಯದಲ್ಲಿ ಇಲ್ಲಿ ಕಾನೂನೇ ಬಂದಿದೆ. 2024ರ ಅಕ್ಟೋಬರ್ 1ರಿಂದ ಟಿಪ್ಸ್ ಮತ್ತು ಸರ್ವಿಸ್ ಚಾರ್ಜಿನ ಪೂರ್ತಿ ದುಡ್ಡು ಕೆಲಸದವರಿಗೇ ಸೇರಬೇಕು, ಮಾಲೀಕರು ಮುಟ್ಟುವಂತಿಲ್ಲ. ಹಂಚುವ ಕ್ರಮವನ್ನು ಬರೆದಿಡಬೇಕು, ಕೇಳಿದರೆ ಲೆಕ್ಕ ತೋರಿಸಬೇಕು. ನಮ್ಮಲ್ಲೂ ಇಂಥದ್ದು ಬರಬೇಕು. ಮತ್ತೆ ಅಲರ್ಜಿ ಬಗ್ಗೆ ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಇಲ್ಲಿ 14 ಪದಾರ್ಥಗಳ ಪಟ್ಟಿ ಇದೆ. ಯಾವ ಡಿಶ್‌ನಲ್ಲಿ ಯಾವುದಿದೆ ಅಂತ ಹೇಳಲು ಬರಲೇಬೇಕು.

ಚಿತ್ರದುರ್ಗದ_ಅಪ್ಪ

ಈ ಮಗು ಅವರ ಅಪ್ಪನ ಮಾತು ಬರೆದಿದ್ದಕ್ಕೆ ನಾನೂ ಬರೆಯುತ್ತೇನೆ. ನನ್ನ ಮಗಳು ಮೈಸೂರಿನ ಒಂದು ಹೋಟೆಲ್‌ನಲ್ಲಿ ಸರ್ವಿಸ್‌ನಲ್ಲಿದ್ದಾಳೆ. ಮೊದಲು ನನಗೂ ಒಪ್ಪಿಗೆ ಇರಲಿಲ್ಲ. ನಂಟರು ಕೇಳಿದರೆ "ಹೋಟೆಲ್ ಮ್ಯಾನೇಜ್‌ಮೆಂಟ್" ಅಂತ ಹೇಳಿ ಮಾತು ತಿರುಗಿಸುತ್ತಿದ್ದೆ. ಒಂದು ದಿನ ಅವಳ ಮ್ಯಾನೇಜರ್‌ಗೆ ಹೇಳಿ ನಮ್ಮಿಬ್ಬರನ್ನೂ ಕರೆಸಿಕೊಂಡಳು. ಬೇರೆ ಟೇಬಲ್‌ನಲ್ಲಿ ಅವಳು ಕೆಲಸ ಮಾಡುವುದನ್ನು ನೋಡಿದೆ. ವಿದೇಶದವರು ನಾಲ್ಕು ಜನ ಕೂತಿದ್ದರು. ಬಿಸಿಬೇಳೆ ಬಾತ್ ಅವರಿಗೆ ವಿವರಿಸುತ್ತಿದ್ದಳು. ಅವರು ತಲೆ ಎತ್ತಿ, ಕೈಯಲ್ಲಿದ್ದ ಫೋನು ಕೆಳಗಿಟ್ಟು ಅವಳ ಮಾತು ಕೇಳುತ್ತಿದ್ದರು. ನಾನು ಮೂವತ್ತು ವರ್ಷ ಮೇಷ್ಟ್ರ ಕೆಲಸ ಮಾಡಿದವನು. ಮಕ್ಕಳು ಹಾಗೆ ಕೇಳುವಂತೆ ಪಾಠ ಮಾಡುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಮಗಳೇ, ಅಪ್ಪನ ಜೊತೆ ಜಗಳ ಬೇಡ. ಆ ಜಾಗಕ್ಕೆ ಒಮ್ಮೆ ಕರೆದುಕೊಂಡು ಹೋಗಿ ತೋರಿಸು. ಆದರೆ ರಾತ್ರಿ ವಾಹನದ ವಿಷಯ ಮಾತ್ರ ರಾಜಿ ಇಲ್ಲ. ಡ್ರೈವರ್ ನಂಬರ್ ನಿಮ್ಮ ಮನೆಯವರ ಹತ್ತಿರ ಇರಲಿ.

ಜಯನಗರ_4ನೇ_ಬ್ಲಾಕ್

ಮೇಷ್ಟ್ರೇ, ನಿಮ್ಮ ಮಾತಿಗೆ ಗೌರವ ಇದೆ. ಆದರೂ ಹತ್ತು ಗಂಟೆ ನಿಂತೇ ಇರುವ ಕೆಲಸ ಆರೋಗ್ಯಕ್ಕೆ ಒಳ್ಳೆಯದಲ್ಲ ಅನ್ನುವುದು ನನ್ನ ಅಭಿಪ್ರಾಯ. ನನ್ನ ಅಕ್ಕ ಸೀರೆ ಅಂಗಡಿಯಲ್ಲಿ ಇದ್ದವಳು. ವೆರಿಕೋಸ್ ವೇನ್ಸ್ (ಕಾಲಿನ ರಕ್ತನಾಳ ಊದಿಕೊಳ್ಳುವುದು) ಆಗಿ ಈಗಲೂ ಒದ್ದಾಡುತ್ತಾಳೆ. ಅದಕ್ಕೇ ನಾನು ಬೇಡ ಅಂದದ್ದು.

ಕುಡ್ಲದ_ಕಾಣೆ

ಅದು ನಿಜವಾದ ತೊಂದರೆ ಅಣ್ಣ. ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರಲು ಸೀಟು ಕೊಡಬೇಕು ಅಂತ ಕಾನೂನು ತಂದರು. ಅದರ ಹಿಂದೆ ಇದ್ದದ್ದು ಬಟ್ಟೆ ಅಂಗಡಿಯ ಹೆಣ್ಣುಮಕ್ಕಳ ಹೋರಾಟವೇ. ನಮ್ಮಲ್ಲೂ ಕೇಳಬೇಕು.

ಅಲ್ಲಿಯವರೆಗೆ ಮಾಡಬಹುದಾದ್ದು ಇದು. ನಿಂತಲ್ಲೇ ಕಾಲು ಬೆರಳ ಮೇಲೆ ಎದ್ದು ಇಳಿಯುವುದು. ಮೊಣಕಾಲವರೆಗಿನ ಕಂಪ್ರೆಶನ್ ಸಾಕ್ಸ್, ಡಾಕ್ಟರನ್ನು ಕೇಳಿ ಹಾಕಿಕೊಳ್ಳುವುದು. ಸ್ಟಾಫ್ ಊಟ ಬಿಡದಿರುವುದು. ರಾತ್ರಿ ಮಲಗುವಾಗ ಕಾಲ ಕೆಳಗೆ ದಿಂಬು. ಮುಟ್ಟಿನ ದಿನ ಜಾಸ್ತಿ ನೋವಿದ್ದರೆ ಕ್ಯಾಪ್ಟನ್‌ಗೆ ಹೇಳಿ ಹೋಸ್ಟೆಸ್ ಡೆಸ್ಕ್ ಅಥವಾ ಬಿಲ್ಲಿಂಗ್ ಕಡೆ ಹಾಕಿಸಿಕೊಳ್ಳುವುದು. ಒಳ್ಳೆಯ ಕ್ಯಾಪ್ಟನ್ ಇಲ್ಲ ಅನ್ನುವುದಿಲ್ಲ.

ಬ್ರೇಕ್ ಶಿಫ್ಟ್ ಇದೆಯಾ ಅಂತಲೂ ಕೇಳು ತಂಗಿ. ಬೆಳಿಗ್ಗೆ ಹನ್ನೊಂದಕ್ಕೆ ಬಂದು ಮಧ್ಯಾಹ್ನದ ಊಟ ಮುಗಿಸಿ, ಮೂರೂವರೆಯಿಂದ ಆರೂವರೆ ಬಿಡುವು, ಮತ್ತೆ ರಾತ್ರಿವರೆಗೆ. ಕಾಗದದಲ್ಲಿ ಒಂಬತ್ತೇ ಗಂಟೆ. ಆದರೆ ಮನೆ ದೂರ ಇದ್ದರೆ ಆ ಮೂರು ಗಂಟೆ ಎಲ್ಲಿ ಕಳೆಯುತ್ತೀ? ಹೆಣ್ಣುಮಕ್ಕಳಿಗೆ ಕೂರಲು, ಕಾಲು ಚಾಚಲು ಬೇರೆ ರೂಮು ಇದೆಯಾ ನೋಡು.

ಸಕಲೇಶಪುರದವಳು

ಎಲ್ಲರಿಗೂ ಋಣಿ. ನಿಮ್ಮ ಮಾತುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಎಚ್‌ಆರ್ ಹತ್ತಿರ ಹೋಗಿ ಬಂದೆ. ಹತ್ತು ಗಂಟೆ ಮೇಲೆ ಮುಗಿದರೆ ಕ್ಯಾಬ್ ಇದೆ, ಒಪ್ಪಿಗೆ ಪತ್ರದಲ್ಲಿ ಬರೆದುಕೊಡುತ್ತಾರೆ. ಟಿಪ್ಸ್ ಹಾಳೆಯನ್ನು ಪ್ರತಿ ತಿಂಗಳು ನೋಟಿಸ್ ಬೋರ್ಡಿಗೆ ಹಾಕುತ್ತಾರಂತೆ, ಹೋದ ತಿಂಗಳಿನದು ನಾನೇ ನೋಡಿದೆ. ಟ್ರೇನಿಗೆ ಮೂರು ತಿಂಗಳ ನಂತರ ಪಾಲು. ಬ್ರೇಕ್ ಶಿಫ್ಟ್ ವಾರಕ್ಕೆ ಎರಡು ದಿನ ಇದೆ. ಸಮಿತಿಯ ಹಾಳೆ ಗೋಡೆಯ ಮೇಲಿತ್ತು, ಆದರೆ ಅದರಲ್ಲಿದ್ದ ಒಬ್ಬರು ಕೆಲಸ ಬಿಟ್ಟು ಹೋಗಿದ್ದಾರಂತೆ. ಹೊಸ ಹೆಸರು ಹಾಕುತ್ತೇವೆ ಅಂದರು.

ಅಲ್ಲಿ ಕೆಲಸ ಮಾಡುವ ಇಬ್ಬರು ಹುಡುಗಿಯರ ಜೊತೆ ಮಾತಾಡಿದೆ. ಒಬ್ಬಳು ಮಣಿಪುರದವಳು, ಇನ್ನೊಬ್ಬಳು ನಮ್ಮ ತಿಪಟೂರಿನವಳು. ಕುಡ್ಲದ ಅಕ್ಕ ಹೇಳಿದ ಪ್ರಶ್ನೆ ಕೇಳಿದೆ. ತಿಪಟೂರಿನವಳು ತಡಮಾಡದೆ "ಮೇಡಂ ಬಂದು ನಿಲ್ಲುತ್ತಾರೆ" ಅಂದಳು. ಅಪ್ಪ ಶನಿವಾರ ಬಂದು ನೋಡುತ್ತೇನೆ ಅಂದಿದ್ದಾರೆ. ಪೂರ್ತಿ ಒಪ್ಪಿಲ್ಲ, ಆದರೆ ಬರುತ್ತಾರೆ.

ಶೂ ಯಾವುದು ತೆಗೆದುಕೊಳ್ಳಲಿ? ಕಪ್ಪು ಅಂತ ಮಾತ್ರ ಹೇಳಿದ್ದಾರೆ.

ಕ್ಯಾಪ್ಟನ್_ಕಡೂರು

ತಂಗಿ, ಸಮಿತಿಗೆ ಹೊಸ ಹೆಸರು ಹಾಕುವವರೆಗೆ ವಾರಕ್ಕೊಮ್ಮೆ ನೆನಪಿಸು. ಬಿಟ್ಟರೆ ಅದು ಹಾಗೇ ಉಳಿಯುತ್ತದೆ.

ಶೂ ಸಂಜೆ ಹೊತ್ತು ಹೋಗಿ ತೆಗೆದುಕೊ, ಆಗ ಕಾಲು ಸ್ವಲ್ಪ ಊದಿರುತ್ತದೆ, ಅಳತೆ ಸರಿ ಸಿಗುತ್ತದೆ. ಹೀಲ್ಸ್ ಬೇಡ. ಅಡಿ ಜಾರದ ರಬ್ಬರಿನದಿರಲಿ, ಕಿಚನ್ ಬಾಗಿಲ ಹತ್ತಿರ ನೆಲ ಯಾವಾಗಲೂ ಒದ್ದೆ. ಮುಂಭಾಗ ಮುಚ್ಚಿರಬೇಕು, ಬಿಸಿ ಸೂಪ್ ಚೆಲ್ಲಿದರೆ ಬೆರಳು ಉಳಿಯುತ್ತವೆ. ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕು. ಸೇರುವ ಮೊದಲೇ ಮನೆಯಲ್ಲಿ ಹಾಕಿಕೊಂಡು ಓಡಾಡಿ ಪಳಗಿಸಿಕೊ.

ಜೊತೆಗೆ ಒಂದು ಲೈಟರ್, ಎರಡು ಪೆನ್ನು, ಒಂದು ವೈನ್ ಓಪನರ್ ಯಾವಾಗಲೂ ಜೇಬಿನಲ್ಲಿರಲಿ. ಓಪನರ್ ಅವರು ಕೊಡದಿದ್ದರೆ ಎರಡು ಮೆಟ್ಟಿಲಿನ ಹಿಡಿ ಇರುವುದನ್ನೇ ತೆಗೆದುಕೊ, ಉದ್ದ ಕಾರ್ಕು ಅರ್ಧಕ್ಕೆ ಮುರಿಯುವುದಿಲ್ಲ. ಮೆನು ಪಿಡಿಎಫ್ ಕಳಿಸಿದ್ದರೆ ಈಗಲೇ ಸ್ಟಾರ್ಟರ್‌ನಿಂದ ಶುರು ಮಾಡು. ಅರ್ಥವಾಗದ ಹೆಸರುಗಳನ್ನು ಇಲ್ಲಿ ಹಾಕು, ನಾನು ಮತ್ತು ಕುಂದಾಪುರದ ಅಣ್ಣ ಸೇರಿ ಹೇಳುತ್ತೇವೆ.